ಕೈ ಬದಲಾದ ಪುಟ್ಟ ಆನೆ

2005ರಲ್ಲಿ ಟಾಟಾ ಏಸ್ ಎಂಬ ಕಿರುಲಾರಿ ಮಾರುಕಟ್ಟೆಗೆ ಬಂದಿತು. ಎರಡು ಸಿಲಿಂಡರುಗಳ, 702 ಸಿ.ಸಿ.ಯ ಡೀಸೆಲ್ ಎಂಜಿನ್, 16 ಅಶ್ವಶಕ್ತಿ, ಹೊರತಕ್ಕ ಭಾರ ಮುಕ್ಕಾಲು ಟನ್ನು. ಜನರು ಅದಕ್ಕೆ ‘ಛೋಟಾ ಹಾಥಿ’ ಎಂದು ಹೆಸರಿಟ್ಟರು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ಮಾತ್ರ ಈ ಆನೆಗೆ ಹೊಂದದು. ಇದು ನಡೆದರೆ ಸಂಸಾರ ನಡೆಯುತ್ತದೆ. ನಿಂತರೆ ಸಾಲದ ಕಂತೊಂದೇ ನಡೆಯುತ್ತದೆ.

ಹೆಂಡತಿಯ ಬಳೆಗಳನ್ನು ಅಡವಿಟ್ಟು ಹಳೆಯ ಗಾಡಿಯನ್ನು ಕೊಳ್ಳಹೊರಟ ತರಕಾರಿ ವ್ಯಾಪಾರಿಯು ಮೊದಲು ನೋಡುವುದು ಬಣ್ಣವನ್ನು. ಮಾರುವವನೂ ಇದನ್ನು ಬಲ್ಲನಾದುದರಿಂದ ಬಣ್ಣವು ಸದಾ ಹೊಸದಾಗಿಯೇ ಇರುತ್ತದೆ! ನೋಡಬೇಕಾದುದು ಗಾಡಿಯ ಅಡಿಯನ್ನು. ಮುಕ್ಕಾಲು ಟನ್ನಿನ ಗಾಡಿಗೆ ಒಂದೂವರೆ ಟನ್ನು ಇಟ್ಟಿಗೆ ಹೇರಿದ ಪಾಪವೆಲ್ಲ ಅಲ್ಲಿ ಬರೆದಿರುತ್ತದೆ. ಕಮಾನು ಪಟ್ಟೆಗಳು ಬಾಗು ಕಳೆದುಕೊಂಡು ಚಪ್ಪಟೆಯಾಗಿರುವುದು, ಬರಿದಾದ ಗಾಡಿಯೂ ಒಂದು ಮಗ್ಗುಲಿಗೆ ವಾಲಿ ನಿಲ್ಲುವುದು, ಚಾಸಿಯ ಮೇಲೆ ಬೆಸುಗೆಯ ಗಂಟುಗಳು—ಇವು ಸುಳ್ಳು ಹೇಳವು. ಮಲ್ಪೆ, ಮಂಗಳೂರುಗಳ ಕಡೆ ಮೀನು ಸಾಗಿಸಿದ ಗಾಡಿಯಾದರೆ ಉಪ್ಪುನೀರು ಇಳಿದು ತೊಟ್ಟಿಯ ತಳವೇ ತುಕ್ಕಿಗೆ ಆಹುತಿಯಾಗಿರಬಹುದು.

ಆದರೆ ಈ ಆನೆಯ ನಿಜವಾದ ಶತ್ರು ಶಾಖ. ಎಂಜಿನ್ ಇರುವುದು ಆಸನದ ಕೆಳಗೆ. ಅದನ್ನು ತಣ್ಣಗಿಡುವ ದ್ರವದ ಬದಲು ಕೊಳವೆ ಬಾವಿಯ ಗಡಸು ನೀರನ್ನೇ ಸುರಿಯುವುದು ಅನೇಕ ಚಾಲಕರ ವಾಡಿಕೆ. ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ, ಶಾಖ ಏರುತ್ತದೆ, ಕೊನೆಗೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಎಣ್ಣೆಯ ಮುಚ್ಚಳದ ಒಳಮೈಯಲ್ಲಿ ಹಾಲು ಬೆರೆಸಿದ ಕಾಫಿಯಂಥ ಕೆನೆ ಕಂಡರೆ ನೀರು ಎಣ್ಣೆಯೊಡನೆ ಬೆರೆತಿದೆಯೆಂದು ಶಂಕಿಸಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನಂತೂ ಎಂದಿಗೂ ತೆಗೆಯಬಾರದು, ಮುಖ ಸುಟ್ಟೀತು.

ಜಾಣ ಮಾರಾಟಗಾರನು ಗಿರಾಕಿ ಬರುವ ಮೊದಲೇ ಎಂಜಿನನ್ನು ಓಡಿಸಿ ಬೆಚ್ಚಗೆ ಮಾಡಿಟ್ಟಿರುತ್ತಾನೆ. ಅಂಥ ಕಡೆ, “ಯಜಮಾನರೆ, ನಾಳೆ ಬೆಳಿಗ್ಗೆ ಆರಕ್ಕೆ ಬರುತ್ತೇನೆ, ಅಲ್ಲಿಯವರೆಗೆ ಕೀಲಿ ತಿರುಗಿಸಬೇಡಿ” ಎಂದು ಹೇಳಿ ಬರುವುದೇ ವಿವೇಕ. ತಣ್ಣನೆಯ ಎಂಜಿನ್ ಬಹಳ ಹೊತ್ತು ಗೊಣಗಿದರೆ ಬ್ಯಾಟರಿ, ಗ್ಲೋ ಪ್ಲಗ್ಗುಗಳಿಂದ ಹಿಡಿದು ಸವೆದ ಪಿಸ್ಟನ್ನಿನವರೆಗೆ ಏನೂ ಕಾರಣವಿರಬಹುದು. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಇದಕ್ಕೆ ಮದ್ದು ದುಬಾರಿ. ಕಪ್ಪು ಹೊಗೆಗೆ ಕೆಲವೊಮ್ಮೆ ಗಾಳಿಯ ಶೋಧಕವನ್ನು ಬದಲಿಸಿದರೂ ಸಾಕು.

ಕ್ಲಚ್ಚಿನ ಸವೆತ ಬರಿಯ ಗಾಡಿಯಲ್ಲಿ ತಿಳಿಯದು. ಹತ್ತು ಮೂಟೆ ಹೇರಿ ಏರು ಹತ್ತಿಸಬೇಕು. ಎಂಜಿನ್ ಕೂಗುತ್ತ ಗಾಡಿ ಮುಂದೆ ಸಾಗದಿದ್ದರೆ ಬೆಲೆಯಲ್ಲಿ ಅಷ್ಟನ್ನು ಇಳಿಸಿ ಕೇಳಲು ಸಂಕೋಚವೇಕೆ?

ಇನ್ನು ಕಾಗದಪತ್ರ. ನೋಂದಣಿ ಪತ್ರದಲ್ಲಿ ಹಿಂದಿನ ಸಾಲಗಾರ ಸಂಸ್ಥೆಯ ಹೆಸರು ಉಳಿದಿದ್ದರೆ, ಅದನ್ನು ತೆಗೆಸುವ ಮೊದಲು ಹಣವೆಣಿಸಕೂಡದು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ವರ್ಷಕ್ಕೊಮ್ಮೆ ಅರ್ಹತಾ ಪತ್ರ ಬೇಕು. ಅದರ ಅವಧಿ ಬರುವ ತಿಂಗಳೇ ಮುಗಿಯುವುದಾದರೆ ಟೈರು, ಬ್ರೇಕು, ದೀಪಗಳ ಖರ್ಚೆಲ್ಲ ಕೊಂಡವನ ತಲೆಯ ಮೇಲೆ.