ಉಳ್ಳಾಗಡ್ಡಿ ಅಂದ್ರೆ ನಾಚಿಕೆ ಯಾಕ್ರಿ?

ಕನ್ನಡದ ತರುಣ ಗೆಳೆಯರೇ,

ಗೋಕಾಕ ಚಳವಳಿಗೆ ಆ ಹೆಸರು ಯಾಕೆ ಬಂತು? "ಗೋಕಾಕದಲ್ಲಿ ನಡೆದದ್ದಕ್ಕೆ" ಎಂದು ಉತ್ತರ ಕೊಟ್ಟ ಹುಡುಗರನ್ನು ನಾನು ಬೆಂಗಳೂರಿನಲ್ಲಿ ಕಂಡಿದ್ದೇನೆ. ನಮ್ಮೂರಿನ ಮೇಲೆ ಅವರಿಗಿರುವ ಅಭಿಮಾನಕ್ಕೆ ಶರಣು. ಆದರೆ ಸಂಗತಿ ಬೇರೆ. 1980ರಲ್ಲಿ ಸರ್ಕಾರ ಒಂದು ಭಾಷಾ ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ಡಾ. ವಿನಾಯಕ ಕೃಷ್ಣ ಗೋಕಾಕ. 1981ರಲ್ಲಿ ಅವರು ವರದಿ ಕೊಟ್ಟರು. ಅದು ಜಾರಿಯಾಗಲಿ ಎಂದು 1982ರಲ್ಲಿ ಇಡೀ ನಾಡು ಎದ್ದು ನಿಂತಿತು, ಡಾ. ರಾಜ್‌ಕುಮಾರ್ ಮುಂದಾಳಾದರು. ಆ ಗೋಕಾಕರು ಹುಟ್ಟಿದ್ದು ಗೋಕಾಕದಲ್ಲಲ್ಲ, ಸವಣೂರಿನಲ್ಲಿ. ಊರು ದೂರವಾದರೂ ಊರ ಹೆಸರು ಮನೆತನವನ್ನು ಬಿಡಲಿಲ್ಲ. ಒಂದು ಮನೆತನದ ಅಡ್ಡಹೆಸರು ವರದಿಯ ಹೆಸರಾಯಿತು, ಚಳವಳಿಯ ಹೆಸರಾಯಿತು, ಕೊನೆಗೆ ಕನ್ನಡಿಗನ ಸ್ವಾಭಿಮಾನದ ಹೆಸರೇ ಆಯಿತು.

ಅಡ್ಡಹೆಸರಿನ ತಾಕತ್ತು ಅಂದರೆ ಅದು! ಅಂಥ ಅಡ್ಡಹೆಸರನ್ನು ನೀವು ಮುಚ್ಚಿಡುತ್ತಿದ್ದೀರಿ. ಅದಕ್ಕೇ ಈ ಮಾತು.

ನಾನು ಪಂಡಿತನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಮೊದಮೊದಲು ಅಚ್ಚಿನ ಮೊಳೆ ಜೋಡಿಸಿದೆ, ಟ್ರೆಡಲ್ ತುಳಿದೆ. ಈಗ ಕಂಪ್ಯೂಟರ್, ಆಫ್‌ಸೆಟ್. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಲಗ್ನಪತ್ರಿಕೆಗಳೇ ನನ್ನ ಅನ್ನ. ಒಂದೊಂದು ಪತ್ರಿಕೆಯಲ್ಲಿ ನಲವತ್ತು, ಐವತ್ತು ಹೆಸರು. ಬೀಗರು, ಅಣ್ಣತಮ್ಮಂದಿರು, ಸೋದರಮಾವಂದಿರು, "ತಮ್ಮ ಆಗಮನಾಭಿಲಾಷಿಗಳು". ಹೀಗೆ ಇಪ್ಪತ್ತೈದು ವರ್ಷ ಹೆಸರುಗಳ ನಡುವೆಯೇ ಬದುಕಿದ್ದೇನೆ.

ಹೋದ ಮದುವೆ ಸೀಜನ್ನಿನಲ್ಲಿ ಒಂದು ಫೋನ್ ಬಂತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ, ಮದುಮಗ. "ಅಣ್ಣಾರ, ಪತ್ರಿಕಿ ಒಳಗ ಉಳ್ಳಾಗಡ್ಡಿ ಅನ್ನೂದು ತಗದ್ ಬಿಡ್ರಿ. ಆಫೀಸಿನ್ಯಾಗ ನಗತಾರ. ಬರೇ ಕುಮಾರ್ ಅಂತ ಹಾಕ್ರಿ." ಅವರಪ್ಪ ಅದೇ ಹೊತ್ತಿಗೆ ನನ್ನ ಅಂಗಡಿಯಲ್ಲೇ ಪ್ರೂಫ್ ಹಿಡಿದು ಕೂತಿದ್ದರು. ಮಾತು ಅವರ ಕಿವಿಗೂ ಬಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಉಳ್ಳಾಗಡ್ಡಿ ತಗದ್ರ ಇದು ಯಾರ ಮನಿ ಮದವಿ ಅಂತ ಊರಾಗ ಹ್ಯಾಂಗ ತಿಳೀಬೇಕೋ ತಮ್ಮಾ?"

ಕೊನೆಗೆ ಊರಿಗೆಂದು ನಾನ್ನೂರು ಪತ್ರಿಕೆ ಉಳ್ಳಾಗಡ್ಡಿ ಸಮೇತ ಹೊಡೆದೆ. ಬೆಂಗಳೂರಿಗೆಂದು ನೂರು ಪತ್ರಿಕೆ ಉಳ್ಳಾಗಡ್ಡಿ ಇಲ್ಲದೆ ಹೊಡೆದೆ. ಎರಡಕ್ಕೂ ದುಡ್ಡು ತಗೊಂಡೆ. ಆ ಪಾಪದಲ್ಲಿ ನನ್ನದೂ ಪಾಲಿದೆ ಎಂದು ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ಆ ಅಪ್ಪ ಹೇಳಿದ ಒಂದು ಮಾತಿನಲ್ಲೇ ಅಡ್ಡಹೆಸರಿನ ಹುಟ್ಟಿನ ಕಥೆ ಇದೆ. ಒಂದು ಊರಲ್ಲಿ ಹತ್ತು ಬಸಪ್ಪ, ಎಂಟು ಲಕ್ಷ್ಮಣ, ಆರು ಹುಸೇನಸಾಬ. ಯಾವ ಬಸಪ್ಪ? ಉಳ್ಳಾಗಡ್ಡಿ ಬಸಪ್ಪ. ಹೊಸದಾಗಿ ಕಟ್ಟಿದ ಮನೆಯವ ಹೊಸಮನಿ. ಅರಳಿಮರದ ಕಟ್ಟೆಯ ಹತ್ತಿರದವ ಅರಳಿಕಟ್ಟಿ. ಬೆಲ್ಲದ ವ್ಯಾಪಾರದವ ಬೆಲ್ಲದ, ಉಪ್ಪು ಮಾರಿದವ ಉಪ್ಪಿನ, ಅಂಗಡಿ ಇಟ್ಟವ ಅಂಗಡಿ. ಯಾರೋ ದೊಡ್ಡವರು ಕೂತು ನಾಮಕರಣ ಮಾಡಿದ ಹೆಸರುಗಳಲ್ಲ ಇವು. ಊರ ಮಂದಿ ತಮ್ಮ ಬಾಯಿಂದ ಕೊಟ್ಟದ್ದು. ವ್ಯಾಕರಣವೂ ಅವರದೇ. "ಬೆಲ್ಲದ" ಎಂಬುದರ ಕೊನೆಯ "ದ" ನೋಡಿ, "ಗೌಡರ" ಎಂಬುದರ ಕೊನೆಯ "ರ" ನೋಡಿ. ಬೆಲ್ಲದ ಮನೆಯವರು, ಗೌಡರ ಮನೆಯವರು ಎಂಬ ಪೂರ್ತಿ ಮಾತು ಸವೆದು ಸವೆದು ಹೆಸರಾಗಿ ನಿಂತಿದೆ. ಹೆಸರಿನೊಳಗೇ ಅಚ್ಚಗನ್ನಡದ ವಿಭಕ್ತಿ!

ಬೆಂಗಳೂರಲ್ಲಿ ದೊಡ್ಡಮನಿ ಎಂಬ ಹುಡುಗನನ್ನು "ಏನಪ್ಪಾ, ಬಿಗ್ ಮನಿ!" ಎಂದು ಚೇಷ್ಟೆ ಮಾಡುತ್ತಾರಂತೆ. ಮನಿ ಅಂದರೆ ದುಡ್ಡಲ್ಲ ಸ್ವಾಮಿ, ಮನೆ! ನಮ್ಮ ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿ ಅದೇ "ಮನಿ" ಹೊತ್ತುಕೊಂಡು ಕನ್ನಡದ ದೊಡ್ಡ ಕಾದಂಬರಿಕಾರರಾದರು. ಹೆಸರಿನ ಬಗ್ಗೆ ಅವರು ನಾಚಿದ್ದರೆ ನಾವೀಗ ಯಾರೋ ಬಿ. ಕುಮಾರ್ ಎಂಬುವರ ಕಾದಂಬರಿ ಓದಬೇಕಿತ್ತು.

ಇನ್ನು ಕಸುಬಿನ ಹೆಸರು. ಬಡಿಗೇರ, ಕುಂಬಾರ, ಪತ್ತಾರ, ಹೂಗಾರ, ಗಾಣಿಗೇರ, ಮಡಿವಾಳ, ಹಡಪದ. ಕುದುರೆಗೆ ಜೀನು ಹೊಲಿಯುತ್ತಿದ್ದವರು ಜೀನಗಾರ. ಗೋಕಾಕದ ಬಣ್ಣದ ಮರದ ಗೊಂಬೆಗಳ ಹೆಸರು ದೂರದವರೆಗೆ ಹೋದದ್ದು ಇವರ ಕೈಯಿಂದ. ಹತ್ತಿ ಹಿಂಜುವವ ನದಾಫ, ಅತ್ತರು ಮಾರುವವ ಅತ್ತಾರ, ಹಣ್ಣಿನ ತೋಟದ ಬಾಗವಾನ. ಈ ಮುಸಲ್ಮಾನ ಮನೆತನಗಳ ಹೆಸರಿಗೆ ಅರಬಿ, ಪಾರಸಿ ಮೂಲವಿದ್ದರೂ ನಮ್ಮ ಸಂತೆಯ ಲೆಕ್ಕದ ಪುಸ್ತಕದಲ್ಲಿ ಅವು ಎಂದೋ ಕನ್ನಡವಾಗಿವೆ.

ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಒಬ್ಬ ಹುಡುಗನ ಮನೆತನದ ಹೆಸರು ಕಂಬಾರ. ಅಂದರೆ ಕಬ್ಬಿಣ ಕಾಸಿ ಬಡಿಯುವವರು. ಆ ಚಂದ್ರಶೇಖರ ಕಂಬಾರರಿಗೆ 2010ನೇ ಸಾಲಿನ ಜ್ಞಾನಪೀಠ ಬಂತು. ಗೋಕಾಕರಿಗೆ 1990ನೇ ಸಾಲಿನಲ್ಲಿ ಬಂದಿತ್ತು. ಅಕ್ಕಪಕ್ಕದ ಎರಡು ತಾಲೂಕಿನ ಲೆಕ್ಕ ನೋಡಿ: ಒಂದು ಜ್ಞಾನಪೀಠ ಊರ ಹೆಸರಿಗೆ, ಇನ್ನೊಂದು ಕುಲುಮೆಯ ಹೆಸರಿಗೆ!

ಇಂಗ್ಲಿಷರ "ಸ್ಮಿತ್" ಎಂಬ ಹೆಸರು ಕೇಳಿದರೆ ನಿಮಗೆ ಸೂಟು, ಟೈ ನೆನಪಾಗುತ್ತದೆ. ಸ್ಮಿತ್ ಅಂದರೂ ಕಮ್ಮಾರನೇ. ಜರ್ಮನಿಯ ಶ್ಮಿಟ್ ಕೂಡ ಅವನೇ. ಕಾರ್ಪೆಂಟರ್ ಅಂದರೆ ನಮ್ಮ ಬಡಿಗೇರ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ಗಂಡನ ಮನೆ ಹೆಸರಿನ ಅರ್ಥ ಹುಲ್ಲಿನ ಮಾಡು ಹೊದಿಸುವವ. ಅವರ ದೇಶದಲ್ಲಿ ಅದಕ್ಕೆ ಯಾರೂ ನಾಚಲಿಲ್ಲ. ತುರ್ಕಿಯಲ್ಲಂತೂ 1934ರಲ್ಲಿ ಕಾನೂನು ಮಾಡಿ ಪ್ರತಿ ಮನೆತನಕ್ಕೂ ಒಂದು ಅಡ್ಡಹೆಸರು ಕಡ್ಡಾಯ ಮಾಡಿದರು. ಅವರು ಕಾನೂನಿನಿಂದ ಪಡೆದದ್ದನ್ನು ನೀವು ಪುಕ್ಕಟೆ ಪಡೆದಿದ್ದೀರಿ. ಪುಕ್ಕಟೆ ಸಿಕ್ಕದ್ದಕ್ಕೆ ಬೆಲೆ ಇಲ್ಲವೇ?

ಕಸುಬನ್ನು ಹೆಸರಿನ ಮುಂದೆ ಇಟ್ಟುಕೊಳ್ಳುವ ಧೈರ್ಯ ನಮಗೆ ಹೊರಗಿನಿಂದ ಬಂದದ್ದೂ ಅಲ್ಲ. ನಮ್ಮ ಶರಣರನ್ನು ನೋಡಿ. ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ. ಕೀಳೆಂದು ಜಗತ್ತು ಕರೆದ ಕಾಯಕವನ್ನೇ ಹೆಸರಿನ ಮುಂದೆ ನಿಲ್ಲಿಸಿದರು.

ಅಧಿಕಾರದ ಹೆಸರುಗಳೂ ಇವೆ. ಶಾಸನಗಳ "ಗಾವುಂಡ" ಇವತ್ತಿನ ಗೌಡ. "ಸೇನಬೋವ" ಸವೆದು ಶಾನುಭೋಗ ಆಯಿತು. ಊರು ಕಾಯುವವ ತಳವಾರ, ಓಲೆ ಒಯ್ಯುವವ ವಾಲೀಕಾರ, ಲೆಕ್ಕ ಬರೆಯುವವ ಕುಲಕರ್ಣಿ, ಊರಿನ ಯಜಮಾನಿಕೆಯವ ಪಾಟೀಲ, ಪರಗಣದ ಮೇಲಿನವರು ದೇಸಾಯಿ, ದೇಶಪಾಂಡೆ. ಪಾಟೀಲ ಅಂದ ಕೂಡಲೇ ಬೆಂಗಳೂರಿನವರು ಒಂದು ಜಾತಿ ಎಣಿಸುತ್ತಾರೆ. ಬನ್ನಿ ನಮ್ಮ ಕಡೆಗೆ. ಲಿಂಗಾಯತ ಪಾಟೀಲ, ಜೈನ ಪಾಟೀಲ, ಮರಾಠಾ ಪಾಟೀಲ, ಮುಸಲ್ಮಾನ ಪಾಟೀಲ, ಎಲ್ಲರ ಪತ್ರಿಕೆಯನ್ನೂ ನಾನು ಹೊಡೆದಿದ್ದೇನೆ. ಹುದ್ದೆ ಹಿಡಿದವನ ಹೆಸರು ಅದು, ಜಾತಿಯ ಹೆಸರಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂದು ವತನಗಳು ಹೋದವು, ವಂಶಪಾರಂಪರ್ಯದ ಹುದ್ದೆಗಳು ಹೋದವು. ಹೆಸರು ಮಾತ್ರ ಉಳಿಯಿತು. ಹುದ್ದೆ ಹೋದ ಮೇಲೂ ಹುದ್ದೆಯ ಗತ್ತು ಇಟ್ಟುಕೊಂಡು ತಿರುಗುವವರಿಗೆ ಇಷ್ಟು ನೆನಪಿದ್ದರೆ ಸಾಕು.

ಊರ ಹೆಸರಿನವರು ಬೇರೆ. ಸಾವಿರ ಹಾಡುಗಳ ಸರದಾರ ಬಾಳಪ್ಪ ಹುಕ್ಕೇರಿ, ಸ್ವಾತಂತ್ರ್ಯ ಹೋರಾಟದ ಹಣಮಂತರಾವ್ ಕೌಜಲಗಿ. ಮರಾಠಿಯವರು ಊರಿಗೆ "ಕರ" ಸೇರಿಸುತ್ತಾರೆ. ನಾವು ಊರನ್ನು ಹಾಗೇ ಬರಿದಾಗಿ ಇಟ್ಟುಕೊಳ್ಳುತ್ತೇವೆ. ಕೆಲವೊಮ್ಮೆ ಊರನ್ನೇ ಮೊದಲು ಹೇಳುತ್ತೇವೆ: ಸಂಗೊಳ್ಳಿ ರಾಯಣ್ಣ, ಬೆಳವಡಿ ಮಲ್ಲಮ್ಮ. ಶ್ರೀಕೃಷ್ಣ ಪಾರಿಜಾತದ ಕೌಜಲಗಿ ನಿಂಗಮ್ಮನನ್ನು ಗಂಡನ ಹೆಸರು ಹಿಡಿದು ಯಾರೂ ಗುರುತಿಸಲಿಲ್ಲ. ಊರ ಹೆಸರು, ತನ್ನ ಹೆಸರು, ಅಷ್ಟೇ. ಮದುವೆಯಾದ ಮರುದಿನವೇ ಹೆಸರು ಬದಲಿಸು ಎಂದು ಹುಡುಗಿಯರಿಗೆ ಹೇಳುವವರು ಆ ತಾಯಿಯನ್ನು ಒಮ್ಮೆ ನೆನೆಯಲಿ.

ಹಳೇ ಮೈಸೂರಿನ ಗೆಳೆಯರೇ, "ನಮಗೆ ಅಡ್ಡಹೆಸರೇ ಇಲ್ಲ" ಎನ್ನಬೇಡಿ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿಯ ಪದ್ಧತಿಯಂತೆ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂದು ಪೂರ್ತಿ ಬರೆದೆವು. ನೀವು ಅದನ್ನೇ ಇನಿಶಿಯಲ್ ಮಾಡಿದಿರಿ. ಕೆ.ವಿ. ಪುಟ್ಟಪ್ಪ ಎಂಬಲ್ಲಿ "ಕೆ" ಅಂದರೆ ಕುಪ್ಪಳಿ. ನಿಮ್ಮ ಇನಿಶಿಯಲ್ಲಿನಲ್ಲೂ ಒಂದು ಊರು ಮಲಗಿರಬಹುದು. ಎಬ್ಬಿಸಿ ಕೇಳಿ.

ಈಗ ಕಹಿ ಮಾತು. ಇನ್ನೊಬ್ಬ ಹುಡುಗ ನನ್ನ ಅಂಗಡಿಗೆ ಬಂದಿದ್ದ. ಅವನೂ ಅಡ್ಡಹೆಸರು ತೆಗೆಯಿರಿ ಎಂದ. ಯಾರೋ ನಗುತ್ತಾರೆಂದಲ್ಲ. ಆ ಹೆಸರು ಕೇಳಿದ ಮೇಲೆ ಶಹರಿನಲ್ಲಿ ಬಾಡಿಗೆ ಮನೆ "ಬ್ಯಾರೆಯವರಿಗೆ ಕೊಟ್ಟೇವ್ರಿ" ಆಗಿಬಿಡುತ್ತಿತ್ತು. ಒಂದಲ್ಲ, ಮೂರು ಮನೆ. ಅವನಿಗೆ ನಾನು ಪರಂಪರೆಯ ಉಪದೇಶ ಮಾಡಲಿಲ್ಲ. ಮಾಡುವ ಯೋಗ್ಯತೆಯೂ ನನಗಿಲ್ಲ. ಉಳ್ಳಾಗಡ್ಡಿಯನ್ನು ನೋಡಿ ನಗುವುದು ಬೇರೆ, ಹೆಸರು ನೋಡಿ ಬಾಗಿಲು ಹಾಕುವುದು ಬೇರೆ. ಆ ಹುಡುಗ ಹೆಸರು ಇಟ್ಟುಕೊಳ್ಳಲಿ, ಬಿಡಲಿ, ಊರ ಹೆಸರು ಹಾಕಿಕೊಳ್ಳಲಿ. ಅದು ಅವನ ಹಕ್ಕು. ನಾಚಬೇಕಾದದ್ದು ಅವನಲ್ಲ, ಬಾಗಿಲು ಹಾಕಿದವನು. ಆ ಮನೆಯ ಮಾಲೀಕನೂ ಕನ್ನಡದವನೇ ಎಂಬುದನ್ನು ಬರೆಯದೆ ಬಿಟ್ಟರೆ ನಾನು ಸುಳ್ಳುಗಾರನಾಗುತ್ತೇನೆ. ಕನ್ನಡಿಗರೆಲ್ಲ ಒಂದು ಎಂದು ವೇದಿಕೆ ಮೇಲೆ ಕೂಗಿ, ಮನೆ ಬಾಡಿಗೆ ಕೊಡುವಾಗ ಅಡ್ಡಹೆಸರು ಕೇಳಿದರೆ ಆ ಕೂಗಿಗೆ ಏನು ಕಿಮ್ಮತ್ತು?

ಇನ್ನೊಂದು ಕಳ್ಳ ನಮ್ಮ ಮನೆಯೊಳಗೇ ಇದ್ದಾನೆ. ಇಂಗ್ಲಿಷ್ ಸ್ಪೆಲ್ಲಿಂಗ್. ಅರ್ಜಿಯಲ್ಲಿ ಮೊದಲು ಇಂಗ್ಲಿಷಿನಲ್ಲಿ ಹೆಸರು ಬರೆಸುತ್ತಾರೆ. ಆಮೇಲೆ ಕಂಪ್ಯೂಟರು ಅದನ್ನು ತನಗೆ ತಿಳಿದಂತೆ ಕನ್ನಡಕ್ಕೆ ತಿರುಗಿಸುತ್ತದೆ. ಹೂಗಾರ ಹೋಗಿ "ಹುಗರ್" ಆಗುತ್ತಾನೆ. ಬಡಿಗೇರ "ಬಾಡಿಗರ್" ಆಗುತ್ತಾನೆ. ಮೂಡಲಗಿ "ಮುದಲ್ಗಿ" ಆಗುತ್ತದೆ. ಇಂಗ್ಲಿಷಿನ ಒಂದೇ ಅಕ್ಷರಕ್ಕೆ ನಮ್ಮ ಡ ಮತ್ತು ದ ಎರಡೂ ಬಲಿ!

ಅಕ್ಷರದ ಬೆಲೆ ನನಗೆ ಗೊತ್ತಾದದ್ದು ಪೆಟ್ಟು ತಿಂದು. ಪ್ರೆಸ್ಸಿಗೆ ಹೊಸದಾಗಿ ಬಂದಾಗ ಒಂದು ಪತ್ರಿಕೆಯಲ್ಲಿ ಕುಂಬಾರ ಎಂಬುದರ ಕೊಂಬು ಬಿಟ್ಟು "ಕಂಬಾರ" ಎಂದು ಹೊಡೆದೆ. ಒಂದು ಕೊಂಬು ಬಿದ್ದರೆ ಮಣ್ಣಿನ ಮನೆತನ ಕಬ್ಬಿಣದ ಮನೆತನವಾಗುತ್ತದೆ! ಪತ್ರಿಕೆ ನೋಡಿದ ಯಜಮಾನರು ಸಿಟ್ಟಾಗಲಿಲ್ಲ. "ತಮ್ಮಾ, ನಮ್ಮ ತಿಗರಿ ಕಸಗೊಂಡು ಸುತ್ತಿಗಿ ಕೊಟ್ಟೀಯಲ್ಲೋ" ಎಂದು ನಕ್ಕರು. ಐನೂರು ಪತ್ರಿಕೆ ನನ್ನ ಖರ್ಚಿನಲ್ಲಿ ಮತ್ತೆ ಹೊಡೆದುಕೊಟ್ಟೆ. ಸಣ್ಣ ಪ್ರೆಸ್ಸಿನವನು ತನ್ನ ತಪ್ಪಿಗೆ ದಂಡ ತೆರುತ್ತಾನೆ. ಸರ್ಕಾರದ ದಾಖಲೆಯಲ್ಲಿ ತಪ್ಪಾದರೆ ದಂಡ ತೆರುವವನು ಹೆಸರಿನವನೇ. ಅಫಿಡವಿಟ್ಟು ಮಾಡಿಸು, ಪೇಪರಿನಲ್ಲಿ ಜಾಹೀರಾತು ಕೊಡು, ಹತ್ತು ಸಲ ಅಲೆದಾಡು.

ಆದ್ದರಿಂದ ಗೆಳೆಯರೇ, ಕೆಲಸ ಹೇಳುತ್ತೇನೆ. ಕನ್ನಡ ನಾಡಿನ ಪ್ರತಿ ಅರ್ಜಿಯಲ್ಲೂ ಹೆಸರು ಮೊದಲು ಕನ್ನಡದಲ್ಲಿ ಬರೆಯುವಂತಾಗಬೇಕು, ಇಂಗ್ಲಿಷ್ ಅದರ ಹಿಂದೆ ಬರಬೇಕು. ಇದನ್ನು ಕೇಳುವುದು ನಮ್ಮ ಹಕ್ಕು, ಸಂಘಟನೆಗಳು ಕೇಳಲಿ. ನೀವು ನಿಮ್ಮ ಆಧಾರ್, ಪಡಿತರ ಚೀಟಿ, ಮಾರ್ಕ್ಸ್ ಕಾರ್ಡ್ ತೆಗೆದು ಕನ್ನಡದ ಹೆಸರನ್ನು ಒಂದೊಂದೇ ಅಕ್ಷರ ಓದಿ. ಕೊಂಬು, ದೀರ್ಘ ಸರಿ ಇವೆಯೇ? ಇಲ್ಲದಿದ್ದರೆ ಈ ವಾರವೇ ತಿದ್ದಿಸಿ. ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯ ಹತ್ತಿರ ಕೂತು ಕೇಳಿ: ನಮಗೆ ಈ ಹೆಸರು ಹೇಗೆ ಬಂತು? ಕೇಳಿದ್ದನ್ನು ಬರೆದಿಡಿ. ಅಜ್ಜಿ ಹೋದ ಮೇಲೆ ಯಾವ ಕಚೇರಿಯಲ್ಲೂ ಅದರ ನಕಲು ಪ್ರತಿ ಸಿಗುವುದಿಲ್ಲ.

ಆ ಉಳ್ಳಾಗಡ್ಡಿ ಹುಡುಗನ ಮದುವೆಗೆ ನಾನೂ ಹೋಗಿದ್ದೆ. ಬೆಂಗಳೂರಿನಿಂದ ಬಂದ ಅವನ ಗೆಳೆಯರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು "ಕುಮಾರ್ ಮನೆ ಎಲ್ಲಿ?" ಎಂದು ಕೇಳುತ್ತಾ ಬಿಸಿಲಲ್ಲಿ ಅರ್ಧ ತಾಸು ಅಲೆದರಂತೆ. ಕೊನೆಗೆ ಚಹಾದಂಗಡಿಯವನೇ ಕೇಳಿದನಂತೆ: "ಯಾರು, ನಮ್ಮ ಉಳ್ಳಾಗಡ್ಡಿಯವರ ಹುಡುಗನ? ಮೊದಲ ಹಂಗ ಹೇಳಬಾರದೇನ್ರಿ!"

ಸಿರಿಗನ್ನಡಂ ಗೆಲ್ಗೆ!