ಅಬ್ಬಿಯ ವಿಳಾಸ ಕೊಟ್ಟವನ ಅರಿಕೆ

ಆ ಅಬ್ಬಿಗೆ ಹೆಸರಿರಲಿಲ್ಲ. ಶಿರಸಿಯಿಂದ ಸಿದ್ದಾಪುರದ ಕಡೆ ಹೊರಟು, ಟಾರು ಮುಗಿದ ಮೇಲೆ ಮಣ್ಣು ದಾರಿ, ಅದೂ ಮುಗಿದ ಮೇಲೆ ಒಬ್ಬರ ಅಡಿಕೆ ತೋಟದ ಅಗಳ ದಾಟಿ ಕಾಲು ಗಂಟೆ ಹತ್ತಿದರೆ ಸಿಗುತ್ತಿತ್ತು. ಎರಡಾಳು ಎತ್ತರ, ಅಷ್ಟೆ. ಕೆಳಗೊಂದು ಗುಂಡಿ, ತಳದ ಕಲ್ಲು ಎಣಿಸುವಷ್ಟು ತಿಳಿನೀರು. ಮೂರು ವರ್ಷದ ಹಿಂದೆ ನಾನು ಅದರ ಫೋಟೊ ತೆಗೆದೆ. ಹೋಗುವ ದಾರಿಯನ್ನು ನಕ್ಷೆ ಸಮೇತ ಮೊಬೈಲಿನಲ್ಲಿ ಹಂಚಿದೆ. ‘ಯಾರಿಗೂ ಗೊತ್ತಿಲ್ಲದ ಸ್ವರ್ಗ’ ಎಂಬ ತಲೆಬರಹ ಬೇರೆ. ಯಾರಿಗೂ ಎಂದರೆ ಯಾರಿಗೆ? ಆ ತೋಟದ ಮನೆಯವರು ತಲೆಮಾರುಗಳಿಂದ ಅದೇ ನೀರು ಕುಡಿದು ಬದುಕಿದ್ದರು.

ಮರುವರ್ಷ ಬೇಸಗೆಯಲ್ಲಿ ಆ ಮನೆಗೆ ಹೋದೆ. ನಮ್ಮ ಕಡೆ ಮೊದಲೆಲ್ಲ ಅಡಿಕೆ ಮರ ಸೀಳಿ, ತಿರುಳು ಕೆತ್ತಿದ ದಬ್ಬೆಯಲ್ಲಿ ಅಬ್ಬಿ ನೀರು ಬಚ್ಚಲಿಗೇ ಬರುತ್ತಿತ್ತು. ಪಂಪು, ಕರೆಂಟು ಏನೂ ಬೇಡ. ಈಗ ದಬ್ಬೆಯ ಜಾಗಕ್ಕೆ ಕರಿ ಪೈಪು ಬಂದಿದೆ, ನೀರು ಅದೇ. ಪೈಪಿನ ಬಾಯಿಗೆ ಆ ಮನೆಯ ಅಜ್ಜಿ ಹಳೆ ಸೀರೆಯ ತುಂಡು ಕಟ್ಟಿದ್ದರು, ಸೋಸಲು. ಅವತ್ತು ಬೆಳಿಗ್ಗೆ ಅದರಲ್ಲಿ ಸಿಕ್ಕಿದ್ದನ್ನು ಒಂದು ಹಾಳೆಯ ಮೇಲೆ ಹರವಿ ತೋರಿಸಿದರು: ನೂಡಲ್ಸಿನ ಮಸಾಲೆ ಕೊಟ್ಟೆ ಎರಡು, ಬಾಟಲಿ ಮುಚ್ಚಳ, ಒಡೆದ ಗಾಜಿನ ಚೂರು, ನೀರು ಕುಡಿದು ಉಬ್ಬಿದ ಮಗುವಿನ ಡೈಪರಿನ ಅರ್ಧ ಭಾಗ.

“ತಮಾ, ನೀನು ಬರದ್ಯಲಾ, ಅದೇ ಅಬ್ಬಿದು,” ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಮಲೆನಾಡಿನ ಯಾವ ಮನೆಯಲ್ಲೂ ತಪ್ಪದ ಆ ಮಾತು ಬಂತು, “ಆಸರಿಗೆ ಎಂತ ಕೊಡ್ಲಿ?” ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ತಂದಿಟ್ಟು ಮೆಲ್ಲಗೆ ಸೇರಿಸಿದರು: “ಬಾವಿ ನೀರು, ಹೆದ್ರಡ.”

ಆ ‘ಹೆದ್ರಡ’ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಇವತ್ತು ಊರವರ ಮುಂದೆ ನಿಂತು ಮಾತಾಡುವ ಧೈರ್ಯ ಬಂದಿರುವುದೂ ಅದರಿಂದಲೇ.

ಶಿರಸಿಯವರೇ, ಮೊದಲು ನಮ್ಮ ವಿಷಯ. ಕಸ ಕಂಡ ಕೂಡಲೇ ‘ಬೆಂಗಳೂರಿನವರು, ಹುಬ್ಬಳ್ಳಿಯವರು’ ಎಂದು ಕೈ ತೊಳೆದುಕೊಳ್ಳುವುದು ನಮಗೆ ಚೆನ್ನಾಗಿ ರೂಢಿಯಾಗಿದೆ. ಅಘನಾಶಿನಿ ಹೊಳೆಯ ಮೂಲಗಳಲ್ಲಿ ಒಂದು ನಮ್ಮ ಪೇಟೆಯೊಳಗೇ ಇರುವ ಶಂಕರಹೊಂಡ. ಪಾಪ ಕಳೆಯುವವಳು ಎಂದು ಹೊಳೆಗೆ ಹೆಸರಿಟ್ಟು, ಪಾಪವನ್ನು ಚೀಲಗಟ್ಟಲೆ ಅವಳಿಗೇ ಒಪ್ಪಿಸಿದರೆ ಅವಳಾದರೂ ಏನು ಮಾಡಿಯಾಳು? ಪಶ್ಚಿಮ ಘಟ್ಟದಲ್ಲಿ ಒಂದೂ ಅಣೆಕಟ್ಟಿಲ್ಲದೆ ಸಮುದ್ರ ಮುಟ್ಟುವ ಹೊಳೆಗಳು ಎಷ್ಟಿವೆ? ಇದು ಅಂಥದ್ದು. ನಾವು ಇಲ್ಲಿ ಬಿಟ್ಟದ್ದನ್ನು ನಡುವೆ ತಡೆಯುವ ಗೋಡೆಯಿಲ್ಲ. ಅದು ಉಂಚಳ್ಳಿಯಲ್ಲಿ ಧುಮುಕಿ, ಘಟ್ಟ ಇಳಿದು, ಕುಮಟೆಯ ಅಳಿವೆಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಹೆಂಗಸರು ಇಳಿತದ ಹೊತ್ತಿಗೆ ಕೆಸರಲ್ಲಿ ಕೈಯಾಡಿಸಿ ಚಿಪ್ಪಿ ಹೆಕ್ಕುತ್ತಾರೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. 2024ರಲ್ಲಿ ಆ ಅಳಿವೆ ಜೌಗುನೆಲಗಳ ಜಾಗತಿಕ ರಾಮ್ಸರ್ ಪಟ್ಟಿಗೆ ಸೇರಿತು. ಪೇಟೆಯಲ್ಲಿ ಸಿಹಿ ಹಂಚಬೇಕಾದ ಸುದ್ದಿ ಅದು. ನಮ್ಮ ಕಟ್ಟೆಯ ಹರಟೆಯಲ್ಲಿ ಅದು ಸುಳಿದದ್ದನ್ನೇ ನಾನು ಕೇಳಲಿಲ್ಲ.

ಉಂಚಳ್ಳಿಯ ಮಾತು ಬಂತು. 116 ಮೀಟರ್ ಎತ್ತರದ ಈ ಜಲಪಾತವನ್ನು 1845ರಲ್ಲಿ ಲಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರ್ ‘ಪತ್ತೆ ಹಚ್ಚಿದ’ ಎಂದು ಹೋದಲ್ಲೆಲ್ಲ ಹೇಳುತ್ತಾರೆ. ಸದ್ದಿಗೆ ಕಿವಿ ಕೆಪ್ಪಾಗುತ್ತದೆಂದು ಅದನ್ನು ಕೆಪ್ಪಜೋಗ ಎಂದು ಕರೆದ ಹಳ್ಳಿಯವರು ಯಾರ ಲೆಕ್ಕಕ್ಕೂ ಇಲ್ಲ! ನಾನು ಮಾಡಿದ್ದೂ ಲಷಿಂಗ್ಟನ್ನನ ಕೆಲಸವನ್ನೇ. ಅವನು ಕೊನೆಗೆ ಊರು ಬಿಟ್ಟು ಹೋದ, ನಾನು ಇಲ್ಲೇ ಇದ್ದೇನೆ. ವ್ಯತ್ಯಾಸ ಅಷ್ಟೆ.

ಹಳೆಯ ಮಾತೊಂದಿದೆ: ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ. ಕಾಡು, ಉಂಬಳ, ಏರು ದಾರಿ ಎಲ್ಲ ದಾಟಿ ಯಾಣದ ಭೈರವೇಶ್ವರ ಶಿಖರದ ಬುಡ ಮುಟ್ಟಲು ಮೈಯಲ್ಲಿ ಕಸುವು ಬೇಕಿತ್ತು. 120 ಮೀಟರಿನ ಆ ಕರಿಗಲ್ಲಿನ ಎದುರು ನಿಂತಾಗ ಬಂದ ಸೊಕ್ಕು ತಾನಾಗಿ ಇಳಿಯುತ್ತಿತ್ತು. ಈಗ ಸೊಕ್ಕು ರೊಕ್ಕ ಎರಡೂ ಒಂದೇ ಕಾರಿನಲ್ಲಿ ಬರುತ್ತವೆ, ಹಿಂದಿನ ಸೀಟಿನಲ್ಲಿ ಸ್ಪೀಕರ್ ಇಟ್ಟುಕೊಂಡು.

ಸಹಸ್ರಲಿಂಗದಲ್ಲಿ ಕಂಡದ್ದನ್ನು ಹೇಳದೆ ಇರಲಾರೆ. ಶಾಲ್ಮಲೆಯ ಹಾಸುಬಂಡೆಗಳ ಮೇಲೆ ಸೋದೆಯ ಅರಸರ ಕಾಲದಲ್ಲಿ ಕಡೆದ ಲಿಂಗಗಳು, ಎದುರಿಗೆ ಪುಟ್ಟ ನಂದಿಗಳು. ಮಳೆಗಾಲದಲ್ಲಿ ಹೊಳೆಯೇ ಅವಕ್ಕೆ ಅಭಿಷೇಕ ಮಾಡುತ್ತದೆ, ನೀರು ಇಳಿದ ಮೇಲೆ ಒಂದೊಂದಾಗಿ ತಲೆ ಎತ್ತುತ್ತವೆ. ಒಬ್ಬ ಹುಡುಗ ಬೂಟುಗಾಲಲ್ಲಿ ನಂದಿಯ ಬೆನ್ನೇರಿ ನಿಂತಿದ್ದ, ಗೆಳೆಯ ರೀಲ್ಸ್ ತೆಗೆಯುತ್ತಿದ್ದ. ಅವನನ್ನು ಗದರಿಸಿದ ಭಕ್ತರೇ ಹತ್ತು ನಿಮಿಷದಲ್ಲಿ ಪೂಜೆ ಮುಗಿಸಿ, ಕರ್ಪೂರದ ಪ್ಲಾಸ್ಟಿಕ್ಕು, ಎಣ್ಣೆಯ ಪೊಟ್ಟಣ ಎರಡನ್ನೂ ಹೊಳೆಗೆ ಎಸೆದು ಕೈಮುಗಿದರು. ಯಾರು ಹೆಚ್ಚು ಕೆಟ್ಟವರು ಎಂಬ ಪ್ರಶ್ನೆಗೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ, ಇಂದೂ ಇಲ್ಲ.

ತಡೆದು ನಿಲ್ಲುವುದು ನಮಗೆ ಹೊಸದಲ್ಲ. ಇದೇ ತಾಲ್ಲೂಕಿನ ಸಾಲ್ಕಣಿಯ ಜನ 1983ರ ಸೆಪ್ಟೆಂಬರ್ 8ರಂದು ಕಳಸೆಯ ಕಾಡಿಗೆ ನಡೆದು ಹೋಗಿ, ಕೊಡಲಿ ಬೀಳಬೇಕಿದ್ದ ಮರಗಳನ್ನು ತಬ್ಬಿ ನಿಂತಿದ್ದರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಅವತ್ತು ಎದುರಾಳಿ ಕಣ್ಣಿಗೆ ಕಾಣುತ್ತಿದ್ದ. ಅವನ ಕೈಯಲ್ಲಿ ಕೊಡಲಿ ಇತ್ತು, ಕಾಡಿನ ಅಂಚಿನಲ್ಲಿ ಲಾರಿ ಇತ್ತು. ಈಗ ಎದುರಿಗೆ ನಿಂತವನು ನಮ್ಮ ಹೋಮ್‌ಸ್ಟೇಯ ಅತಿಥಿ, ನಮ್ಮ ಜೀಪಿನ ಬಾಡಿಗೆ, ನಮ್ಮ ಅಂಗಡಿಯ ವ್ಯಾಪಾರ. ಅವನನ್ನು ತಡೆಯುವುದೆಂದರೆ ನಮ್ಮದೇ ಗಲ್ಲಾಪೆಟ್ಟಿಗೆಯನ್ನು ತಡೆದಂತೆ. ಕಷ್ಟ, ಒಪ್ಪುತ್ತೇನೆ. ಅಡಿಕೆಗೆ ಕೊಳೆ ಬಂದ ವರ್ಷ ನಾಲ್ಕು ಕೋಣೆ ಬಾಡಿಗೆಗೆ ಕೊಟ್ಟು ಮಗಳ ಫೀಸು ಕಟ್ಟಿದ ಮನೆ ನನಗೆ ಗೊತ್ತು. ಯಾರೂ ಬರಬಾರದು ಎಂದು ನಾನು ಹೇಳುವುದಿಲ್ಲ. ನೀರು ನೋಡುವ ಆಸೆ ತಪ್ಪಲ್ಲ. ವಾರವೆಲ್ಲ ಗಾಜಿನ ಕಟ್ಟಡದಲ್ಲಿ ಕೂತವರಿಗೆ ಆ ತಂಪು ಬೇಕು.

ಆದರೆ ಹೋಮ್‌ಸ್ಟೇಯವರೇ, ರಾತ್ರಿ ಊಟಕ್ಕೆ ತಂಬುಳಿ ಬಡಿಸುವಾಗ ಒಂದು ಮಾತು ಸೇರಿಸಿ: ನಾಳೆ ನೀವು ನೋಡಲಿರುವ ನೀರನ್ನು ಕೆಳಗಿನವರು ಕುಡಿಯುತ್ತಾರೆ. ಬುತ್ತಿಯನ್ನು ಬಾಳೆ ಎಲೆಯಲ್ಲಿ ಕಟ್ಟಿಕೊಡಿ, ನಮ್ಮಲ್ಲಿ ಬಾಳೆಗೆ ಬರವೇ? ಜೀಪಿನ ಹುಡುಗರೇ, ಹೋಗುವಾಗ ತಂದ ಬಾಟಲಿ ಬರುವಾಗ ಲೆಕ್ಕಕ್ಕೆ ಸಿಗದಿದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ. ಕುಡಿದವರನ್ನು ಗುಂಡಿಯ ಹತ್ತಿರ ಬಿಡಲೇಬೇಡಿ. ಪಾಚಿ ಕಟ್ಟಿದ ಬಂಡೆ ಎಂಥದ್ದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಹೆಣ ಎತ್ತಲು ಹಗ್ಗ ಹಿಡಿದು ಇಳಿಯುವವರೂ ಕೊನೆಗೆ ನೀವೇ. ಪಂಚಾಯತಿಯವರೇ, ವಾಹನ ನಿಲ್ಲಿಸಲು ದುಡ್ಡು ವಸೂಲಿ ಮಾಡುವ ಕಡೆ ಆ ದುಡ್ಡಿನಿಂದ ಕಸ ಎತ್ತುವ ಒಬ್ಬರಿಗಾದರೂ ಸಂಬಳ ಸಿಗಲಿ. ಇನ್ನು ನನ್ನಂಥ ಫೋಟೊದವರೇ, ಉಂಚಳ್ಳಿ ಯಾಣಗಳ ದಾರಿ ಲೋಕಕ್ಕೆಲ್ಲ ಗೊತ್ತು, ಅವುಗಳ ಚಿತ್ರ ಹಾಕಿ. ಒಬ್ಬರ ತೋಟದ ಹಿಂದಿನ ಅಬ್ಬಿಯನ್ನು ಮಾತ್ರ ಹೆಸರಿಲ್ಲದೆ ಇರಲು ಬಿಡಿ.

ನಾನು ಹಂಚಿದ ನಕ್ಷೆಯನ್ನು ಅಳಿಸಿದೆ. ಏನೂ ಆಗಲಿಲ್ಲ, ಅಷ್ಟರಲ್ಲಿ ಅದು ನೂರು ಕೈ ದಾಟಿತ್ತು. ಮೊನ್ನೆ ಹೋದಾಗ ಅಜ್ಜಿಯ ಪೈಪಿನ ಬಾಯಿಗೆ ಸೀರೆಯ ಜಾಗದಲ್ಲಿ ದಪ್ಪ ಸೊಳ್ಳೆಪರದೆ ಬಂದಿತ್ತು, ಎರಡು ಪದರ.

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಶಂಕರಹೊಂಡದ ಹತ್ತಿರ ಇರುತ್ತೇನೆ. ಹೊಂಡ ಸುತ್ತಿ, ಅಲ್ಲಿಂದ ಅಬ್ಬಿಗೆ. ಗೋಣಿಚೀಲ ನಾನು ತರುತ್ತೇನೆ, ಬುತ್ತಿ ನಿಮ್ಮದು. ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಬನ್ನಿ. ಗುಂಡಿಯ ತಳದಲ್ಲಿ ಗಾಜಿದೆ.