ಎತ್ತಿಗೆ ಜ್ವರ, ಎಮ್ಮೆಗೆ ಬರೆ, ಹಾಕಿಗೆ ಹೊಸ ಕೋಚ್

ಮತ್ತೊಬ್ಬ ಕೋಚ್ ಹೋದರು, ಮತ್ತೊಬ್ಬರು ಬಂದರು. ಬಂದವರು ಯಾರಪ್ಪಾ ಎಂದು ನೋಡಿದರೆ, ಹಿಂದೆ ಹೋಗಿದ್ದವರೇ! ಭಾರತದ ಮಹಿಳಾ ಹಾಕಿ ತಂಡ ಪ್ರೊ ಲೀಗ್‌ನಿಂದ ಹೊರಬಿದ್ದದ್ದಕ್ಕೆ ಹಾಕಿ ಇಂಡಿಯಾ ಕಂಡುಹಿಡಿದ ಮದ್ದು ಇದು. 2025ರ ಡಿಸೆಂಬರ್ ಮೊದಲ ದಿನ ಹರೇಂದ್ರ ಸಿಂಗ್ 'ವೈಯಕ್ತಿಕ ಕಾರಣ' ಎಂದು ರಾಜೀನಾಮೆ ಕೊಟ್ಟರು. ಹೊಸ ವರ್ಷದ ಹೊಸ್ತಿಲಲ್ಲಿ ಶೋರ್ಡ್ ಮರೈನ್ ಮರಳಿ ಬಂದರು. ಟೀವಿ ಪಂಡಿತರಿಗೆ ನೆಮ್ಮದಿಯಾಯಿತು. ಇನ್ನೇನು, ಟೋಕಿಯೊ ದಿನಗಳು ವಾಪಸ್ ಬಂದೇಬಿಟ್ಟವಂತೆ.

ಈ ಇಬ್ಬರ ಜಾತಕವನ್ನು ಒಮ್ಮೆ ತಿರುವಿ ನೋಡಿ. 2017ರ ಆರಂಭದಲ್ಲಿ ಮರೈನ್ ಮಹಿಳಾ ತಂಡದ ಕೋಚ್ ಆದರು. ವರ್ಷ ತುಂಬುವ ಮೊದಲೇ ಅವರನ್ನು ಎತ್ತಿ ಪುರುಷರ ತಂಡಕ್ಕೆ ಹಾಕಿದರು. ಖಾಲಿಯಾದ ಜಾಗಕ್ಕೆ ಹರೇಂದ್ರ ಬಂದರು. 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪುರುಷರಿಗೆ ಪದಕ ಬರಲಿಲ್ಲ, ತಕ್ಷಣ ಇಬ್ಬರನ್ನೂ ಅದಲುಬದಲು ಮಾಡಿದರು. ಅದೇ ವರ್ಷ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಪುರುಷರು ನೆದರ್ಲೆಂಡ್ಸ್‌ಗೆ 1-2ರಿಂದ ಸೋತರು, 2019ರ ಜನವರಿಯಲ್ಲಿ ಹರೇಂದ್ರರನ್ನು ಕಿತ್ತುಹಾಕಿದರು. 2021ರಲ್ಲಿ ಮರೈನ್ ಮಹಿಳೆಯರನ್ನು ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನಕ್ಕೆ ತಂದು ನಿಲ್ಲಿಸಿ ಊರಿಗೆ ಹೋದರು. 2024ರಲ್ಲಿ ಹರೇಂದ್ರ ಮತ್ತೆ ಮಹಿಳಾ ತಂಡಕ್ಕೆ. ಈಗ ಮತ್ತೆ ಮರೈನ್. ತಂಡದ ಭವಿಷ್ಯವನ್ನು ಹೀಗೆ ಇಬ್ಬರ ನಡುವೆ ಚೆಂಡಿನಂತೆ ಆಡಿಸುತ್ತಿರುವ ಆಡಳಿತಗಾರರನ್ನು ಮಾತ್ರ ಯಾರೂ ಯಾವ ಸೋಲಿನ ನಂತರವೂ ಏನನ್ನೂ ಕೇಳುವುದಿಲ್ಲ. ಸೋತ ಕೋಚ್‌ಗೆ ಮನೆಯ ದಾರಿ, ಸೋತ ಸಂಸ್ಥೆಗೆ ಪತ್ರಿಕಾ ಹೇಳಿಕೆ.

2024–25ರ ಪ್ರೊ ಲೀಗ್ ಲೆಕ್ಕ ಎಲ್ಲರಿಗೂ ಗೊತ್ತು. 16 ಪಂದ್ಯ, 10 ಅಂಕ, ಒಂಬತ್ತು ತಂಡಗಳಲ್ಲಿ ಒಂಬತ್ತನೇ ಸ್ಥಾನ. 2022ರ ಡಿಸೆಂಬರ್‌ನಲ್ಲಿ ವೆಲೆನ್ಸಿಯಾದಲ್ಲಿ ಸ್ಪೇನ್ ತಂಡವನ್ನು ಮಣಿಸಿ ನೇಷನ್ಸ್ ಕಪ್ ಗೆದ್ದು ಪ್ರೊ ಲೀಗ್‌ಗೆ ಹತ್ತಿದ ತಂಡ, ಮರಳಿ ಅದೇ ನೇಷನ್ಸ್ ಕಪ್‌ಗೆ ಇಳಿಯಿತು. ಆಮೇಲೆ ಶುರುವಾಯಿತು ನೋಡಿ ಉಪದೇಶದ ಜಾತ್ರೆ. ಹುಡುಗಿಯರಿಗೆ ಫಿಟ್‌ನೆಸ್ ಇಲ್ಲ, ಮಾನಸಿಕ ಗಟ್ಟಿತನ ಇಲ್ಲ, ಹಸಿವಿಲ್ಲ. ಸ್ಟಿಕ್ ಹಿಡಿದು ಹತ್ತು ನಿಮಿಷ ಓಡಿದರೆ ಏದುಸಿರು ಬಿಡುವವರೆಲ್ಲ ನಾಯಕಿ ಸಲೀಮಾ ಟೆಟೆಗೆ ಫಿಟ್‌ನೆಸ್ ಪಾಠ ಹೇಳಿದರು.

ಹಾಗಾದರೆ ಅದೇ ಸಾಲಿನ ಫೆಬ್ರುವರಿ ತಿಂಗಳನ್ನು ಏನು ಮಾಡೋಣ? ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಇದೇ ತಂಡ ಒಲಿಂಪಿಕ್ ಚಾಂಪಿಯನ್ ನೆದರ್ಲೆಂಡ್ಸ್ ಜೊತೆ 2-2 ಸಮ ಮಾಡಿ, ಶೂಟೌಟ್‌ನಲ್ಲಿ ಗೆದ್ದಿತ್ತು. ಆ ಪಂದ್ಯದಲ್ಲಿ ದೀಪಿಕಾ ಹೊಡೆದ ಗೋಲನ್ನು ನೋಡದವರು ಈಗಲಾದರೂ ಹುಡುಕಿ ನೋಡಿ. ಎಡ ಬದಿಯಿಂದ ಬೇಸ್‌ಲೈನ್ ಗುಂಟ ಚೆಂಡನ್ನು ತಳ್ಳಿಕೊಂಡು ಬಂದಳು, ಅಡ್ಡ ಬಂದ ಡಿಫೆಂಡರ್‌ನ ಸ್ಟಿಕ್ ಮೇಲಿಂದ ಚೆಂಡನ್ನು ಹಾರಿಸಿದಳು, ಅದು ನೆಲ ಮುಟ್ಟಿ ಸರಿಯಾಗುವಷ್ಟರಲ್ಲಿ ಗೋಲ್‌ಕೀಪರ್‌ನ್ನೂ ದಾಟಿಸಿಬಿಟ್ಟಳು. ವರ್ಷದ ಅತ್ಯುತ್ತಮ ಕೈಚಳಕದ ಅಂತರರಾಷ್ಟ್ರೀಯ ಪ್ರಶಸ್ತಿಗೆ ಆ ಗೋಲು ನಾಮನಿರ್ದೇಶನಗೊಂಡಿತು. ಜೂನ್‌ನಲ್ಲಿ ಇದೇ ಹುಡುಗಿಯರು ಯುರೋಪಿಗೆ ಹೋಗಿ ಎಂಟಕ್ಕೆ ಎಂಟೂ ಪಂದ್ಯ ಕಳೆದುಕೊಂಡರು. ಫೆಬ್ರುವರಿಯಲ್ಲಿ ಇದ್ದ ಹಸಿವು ಜೂನ್‌ಗೆ ಎಲ್ಲಿ ಹೋಯಿತು? ನಾಲ್ಕು ತಿಂಗಳಲ್ಲಿ ಯಾರೂ ಹಾಕಿ ಮರೆಯುವುದಿಲ್ಲ.

ಸೋತದ್ದಾದರೂ ಹೇಗೆ? ಆಸ್ಟ್ರೇಲಿಯಾ ವಿರುದ್ಧ 2-3, ಮರುದಿನ 1-2. ಅರ್ಜೆಂಟೀನಾ ಜೊತೆ 2-2 ಮಾಡಿ ಶೂಟೌಟ್‌ನಲ್ಲಿ. ಬೆಲ್ಜಿಯಂಗೆ 1-2. ಕೊನೆಗೆ ಚೀನಾಕ್ಕೆ 2-3. ನಡುವೆ 1-5ರಂಥ ಹೀನಾಯ ಸೋಲೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಹೆಚ್ಚಿನವು ಕೈಗೆ ಬಂದು ಜಾರಿದ ಪಂದ್ಯಗಳು. ಬಿಗಿ ಪಂದ್ಯವನ್ನು ಕೊನೆಯ ಹತ್ತು ನಿಮಿಷ ಹಿಡಿದಿಟ್ಟುಕೊಳ್ಳುವ ಕಲೆ ಯಾವ ಕೋಚ್‌ನ ಲ್ಯಾಪ್‌ಟಾಪ್‌ನಲ್ಲೂ ಇರುವುದಿಲ್ಲ. ಬಿಗಿ ಪಂದ್ಯಗಳನ್ನು ಮತ್ತೆ ಮತ್ತೆ ಆಡಿಯೇ ಅದನ್ನು ಕಲಿಯಬೇಕು. ನಮ್ಮ ಹುಡುಗಿಯರಿಗೆ ಅಂಥ ಪಂದ್ಯಗಳನ್ನು ಆಡಿಸಿದವರು ಯಾರು?

ಇಲ್ಲಿದೆ ಉತ್ತರ: ನಾಲ್ಕು ತಂಡ, ಎರಡು ವಾರ.

ಮಹಿಳೆಯರ ಹಾಕಿ ಇಂಡಿಯಾ ಲೀಗ್ ಎಂಬುದು ಮೊದಲ ಬಾರಿಗೆ ನಡೆದದ್ದು 2025ರ ಜನವರಿಯಲ್ಲಿ. ರಾಂಚಿಯ ಒಂದೇ ಮೈದಾನ, ನಾಲ್ಕು ತಂಡ, 12ರಂದು ಆರಂಭ, 26ಕ್ಕೆ ಮುಕ್ತಾಯ. ಪುರುಷರಿಗೆ ಅದೇ ವರ್ಷ ಎಂಟು ತಂಡ. ಅಷ್ಟೇ ಅಲ್ಲ, ಪುರುಷರಿಗೆ 2013ರಿಂದ 2017ರವರೆಗೆ ಐದು ವರ್ಷ ಲೀಗ್ ನಡೆದಿತ್ತು. ಆ ಐದು ವರ್ಷದಲ್ಲಿ ಮಹಿಳೆಯರಿಗೆ ಸಿಕ್ಕಿದ್ದು ಸೊನ್ನೆ. 36 ವರ್ಷಗಳ ನಂತರ 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೆ ಹೋದಾಗಲೂ ಲೀಗ್ ಇಲ್ಲ. ಟೋಕಿಯೊದಲ್ಲಿ ಆಸ್ಟ್ರೇಲಿಯಾ ತಂಡವನ್ನು 1-0ರಿಂದ ಮಣಿಸಿ, ಕಂಚಿನ ಪಂದ್ಯದಲ್ಲಿ ಬ್ರಿಟನ್‌ಗೆ 3-4ರಿಂದ ಸೋತು, ಇಡೀ ದೇಶ ಕಣ್ಣೀರು ಹಾಕಿದ ಮೇಲೂ ಇಲ್ಲ. ಆ ಕಣ್ಣೀರು ಆರಿ ಮೂರು ವರ್ಷ ದಾಟಿದ ಮೇಲೆ ಕೊಟ್ಟದ್ದು ನಾಲ್ಕು ತಂಡ, ಎರಡು ವಾರ. ಎರಡನೇ ವರ್ಷವಾದರೂ ಬೆಳೆಸಿದರೇ? ಮತ್ತೆ ರಾಂಚಿ, ಮತ್ತೆ ನಾಲ್ಕೇ ತಂಡ, ಮತ್ತೆ ಎರಡೇ ವಾರ.

ನೆದರ್ಲೆಂಡ್ಸ್‌ನ ಹುಡುಗಿ ಸೆಪ್ಟೆಂಬರ್‌ನಲ್ಲಿ ಕ್ಲಬ್ ಪರವಾಗಿ ಕಣಕ್ಕಿಳಿದರೆ, ಚಳಿಗಾಲದ ಬಿಡುವು ಬಿಟ್ಟು, ಮುಂದಿನ ಬೇಸಿಗೆಯ ಹೊತ್ತಿನವರೆಗೂ ಲೀಗ್ ಆಡುತ್ತಾಳೆ. ನಮ್ಮ ಹುಡುಗಿ ವರ್ಷದ ಬಹುಪಾಲು ಬೆಂಗಳೂರಿನ ಸಾಯ್ ಕೇಂದ್ರದ ಶಿಬಿರದಲ್ಲಿರುತ್ತಾಳೆ. ಬೆಳಿಗ್ಗೆ ಎದ್ದು ಯಾರ ವಿರುದ್ಧ ಆಡುತ್ತಾಳೆ? ರಾತ್ರಿ ಅದೇ ಹಾಸ್ಟೆಲ್‌ನಲ್ಲಿ ಮಲಗಿದ್ದ ಗೆಳತಿಯ ವಿರುದ್ಧ. ಅವಳ ಡಾಡ್ಜ್ ಇವಳಿಗೆ ಗೊತ್ತು, ಇವಳ ಫ್ಲಿಕ್ ಅವಳಿಗೆ ಗೊತ್ತು. ಶಿಬಿರದಿಂದ ಕೈಬಿಟ್ಟರೆ ಉಳಿಯುವುದು ರೈಲ್ವೆಯ ಕ್ರೀಡಾ ಕೋಟಾದ ನೌಕರಿ ಮತ್ತು ವರ್ಷಕ್ಕೊಮ್ಮೆ ಬರುವ ರಾಷ್ಟ್ರೀಯ ಚಾಂಪಿಯನ್‌ಷಿಪ್. ಇಂಥವಳನ್ನು ಲಂಡನ್‌ಗೆ, ಆಂಟ್‌ವರ್ಪ್‌ಗೆ, ಬರ್ಲಿನ್‌ಗೆ ಕಳಿಸಿ, ಗೆದ್ದು ಬಾ ತಾಯಿ ಎನ್ನುವುದು ಯಾವ ನ್ಯಾಯ?

ಇದನ್ನೆಲ್ಲ ಒಳಗಿದ್ದೇ ನೋಡಿ ಬಾಯಿಬಿಟ್ಟವರೂ ಒಬ್ಬರಿದ್ದರು, ಮರೈನ್ ಹೋದ ಮೇಲೆ ಹರೇಂದ್ರ ಬರುವವರೆಗೆ ಮಹಿಳಾ ತಂಡದ ಕೋಚ್ ಆಗಿದ್ದ ಜಾನೆಕ್ ಶಾಪ್‌ಮನ್. 2024ರ ಜನವರಿಯಲ್ಲಿ ರಾಂಚಿಯಲ್ಲಿ ಒಲಿಂಪಿಕ್ ಅರ್ಹತಾ ಟೂರ್ನಿ. ಸೆಮಿಫೈನಲ್‌ನಲ್ಲಿ ಜರ್ಮನಿ ಜೊತೆ 2-2, ಶೂಟೌಟ್‌ನಲ್ಲಿ ಸೋಲು. ಕೊನೆಯ ಟಿಕೆಟ್‌ಗಾಗಿ ಜಪಾನ್ ವಿರುದ್ಧದ ಪಂದ್ಯದಲ್ಲಿ ಆರಂಭದಲ್ಲೇ ಬಿಟ್ಟುಕೊಟ್ಟ ಒಂದು ಗೋಲನ್ನು ಕೊನೆಯವರೆಗೂ ತೀರಿಸಲಾಗಲಿಲ್ಲ. ಪೆನಾಲ್ಟಿ ಕಾರ್ನರ್ ಮೇಲೆ ಪೆನಾಲ್ಟಿ ಕಾರ್ನರ್ ಸಿಕ್ಕರೂ ಒಂದೂ ಗೋಲಾಗಲಿಲ್ಲ. ಪ್ಯಾರಿಸ್ ಬಾಗಿಲು ಮುಚ್ಚಿತು. ಮುಂದಿನ ತಿಂಗಳು ಶಾಪ್‌ಮನ್ ಬಹಿರಂಗವಾಗಿಯೇ ಹೇಳಿದರು: ಪುರುಷರ ಕೋಚ್‌ಗೆ ಸಿಗುವ ಗೌರವ ತನಗೆ ಸಿಗಲಿಲ್ಲ, ಒಬ್ಬ ಹೆಣ್ಣಾಗಿ ಇಲ್ಲಿ ಕೆಲಸ ಮಾಡುವುದು ಕಷ್ಟ ಎಂದು. ಕೆಲವೇ ದಿನಗಳಲ್ಲಿ ಅವರ ರಾಜೀನಾಮೆ ಬಂತು. ಆಕೆ ಹೇಳಿದ್ದರಲ್ಲಿ ಹುರುಳಿದೆಯೇ ಎಂದು ವಿಚಾರಿಸುವ ಗೋಜಿಗೆ ಯಾರು ಹೋಗುತ್ತಾರೆ? ಎತ್ತಿಗೆ ಜ್ವರ ಬಂದಿದೆ, ಎಮ್ಮೆಗೆ ಬರೆ ಹಾಕಿಯಾಯಿತು, ಮುಂದಿನ ಎಮ್ಮೆ ಬರಲಿ!

ಪುರುಷರ ತಂಡದ ವಿಷಯದಲ್ಲಿ ಮಾತ್ರ ಇವರಿಗೆ ಇದ್ದಕ್ಕಿದ್ದಂತೆ ತಾಳ್ಮೆ ಬಂದಿದೆ. ಅದೇ 2025ರ ಜೂನ್‌ನಲ್ಲಿ ಪುರುಷರೂ ಯುರೋಪಿನಲ್ಲಿ ಸತತ ಏಳು ಪಂದ್ಯ ಸೋತರು, ಒಂಬತ್ತರಲ್ಲಿ ಎಂಟನೆಯವರಾಗಿ ಕೂದಲೆಳೆಯಲ್ಲಿ ಬಚಾವಾದರು. ಆದರೂ ಅವರ ಕೋಚ್ ಕ್ರೇಗ್ ಫುಲ್ಟನ್ ಕೆಲಸ ಉಳಿಯಿತು. ಸೆಪ್ಟೆಂಬರ್‌ನಲ್ಲಿ ಅವರ ತಂಡ ರಾಜಗೀರ್‌ನಲ್ಲಿ ಕೊರಿಯಾವನ್ನು 4-1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದಿತು. ಕೋಚ್‌ನ್ನು ಉಳಿಸಿಕೊಂಡರೆ ಏನಾಗುತ್ತದೆ ಎಂಬುದು ಹಾಕಿ ಇಂಡಿಯಾಕ್ಕೆ ಗೊತ್ತಿಲ್ಲದ ವಿದ್ಯೆಯೇನಲ್ಲ ಎಂದಾಯಿತು. ಆ ವಿದ್ಯೆ ಮಹಿಳೆಯರ ಪಾಲಿಗೆ ಖರ್ಚಾಗುವುದಿಲ್ಲ, ಅಷ್ಟೇ.

ಇನ್ನು, ಸೋತಾಗ ಹುಡುಗಿಯರ ಮೇಲೆ ಎರಗುವ ನಮ್ಮ ಸಮಾಜದ ಬಗ್ಗೆಯೂ ಹೇಳಿಬಿಡುತ್ತೇನೆ. ಟೋಕಿಯೊ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾಕ್ಕೆ ಸೋತ ದಿನ ಹರಿದ್ವಾರದ ಬಳಿಯ ರೋಶನಾಬಾದ್‌ನಲ್ಲಿ ವಂದನಾ ಕಟಾರಿಯಾ ಮನೆಯೆದುರು ಪಟಾಕಿ ಹೊಡೆದರು, ತಂಡದಲ್ಲಿ ದಲಿತರು ಹೆಚ್ಚಾಗಿದ್ದಕ್ಕೇ ಸೋತದ್ದು ಎಂದು ಜಾತಿ ಹಿಡಿದು ಬೈದರು ಎಂದು ಮನೆಯವರು ಪೊಲೀಸರಿಗೆ ದೂರು ಕೊಡಬೇಕಾಯಿತು. ಅದಕ್ಕೆ ಕೆಲವೇ ದಿನ ಮೊದಲು ದಕ್ಷಿಣ ಆಫ್ರಿಕಾ ಮೇಲೆ ಹ್ಯಾಟ್ರಿಕ್ ಹೊಡೆದು ತಂಡವನ್ನು ಉಳಿಸಿದ್ದವಳು ಅವಳೇ. ಕಂಚಿನ ಪಂದ್ಯದಲ್ಲೂ ಗೋಲು ಹೊಡೆದಳು. 320 ಪಂದ್ಯ ಆಡಿ 2025ರ ಏಪ್ರಿಲ್‌ನಲ್ಲಿ ನಿವೃತ್ತಿ ಹೇಳಿದಳು. ಆ ಜಾಗ ತುಂಬಲು ಹಾಕಿ ಇಂಡಿಯಾ ಯಾರನ್ನು ಸಿದ್ಧಮಾಡಿತ್ತು? ಎರಡು ತಿಂಗಳಲ್ಲಿ ಯುರೋಪ್ ಪ್ರವಾಸ ಉತ್ತರ ಹೇಳಿತು.

ನಾವು ಕನ್ನಡಿಗರೂ ಬಹಳ ಬೀಗಬೇಕಾಗಿಲ್ಲ. ಎರಡೂ ರಾಷ್ಟ್ರೀಯ ತಂಡಗಳ ಶಿಬಿರ ನಮ್ಮ ಬೆಂಗಳೂರಿನಲ್ಲೇ ನಡೆಯುತ್ತದೆ, ಮೈದಾನ ನಮ್ಮದು, ಗಾಳಿ ನಮ್ಮದು, ಆಟಗಾರರು ಮಾತ್ರ ನಮ್ಮವರಲ್ಲ. ಎಲ್ವೆರಾ ಬ್ರಿಟ್ಟೊ ಮತ್ತು ಅವರ ಸಹೋದರಿಯರ ಕಾಲದಲ್ಲಿ, 1960ರ ದಶಕದಲ್ಲಿ, ಮೈಸೂರು ಮಹಿಳಾ ತಂಡ ರಾಷ್ಟ್ರೀಯ ಪ್ರಶಸ್ತಿಯನ್ನು ವರ್ಷದ ಮೇಲೆ ವರ್ಷ ಗೆದ್ದಿತ್ತು. ರಿಯೊ ಮತ್ತು ಟೋಕಿಯೊಗೆ ಹೋದ ಮಹಿಳಾ ತಂಡಗಳಲ್ಲಿ ಕರ್ನಾಟಕದ ಒಬ್ಬ ಆಟಗಾರ್ತಿಯೂ ಇರಲಿಲ್ಲ. ಪುರುಷರಲ್ಲಿ ರಘುನಾಥ್, ಸುನಿಲ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಎಂದು ನಾಲ್ವರು ರಿಯೊದಲ್ಲಿ ಆಡಿದ್ದರು. ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಸೊನ್ನೆ. ಕೊಡಗಿನಲ್ಲಿ 2025ರ ಮುದ್ದಂಡ ಕಪ್‌ಗೆ 396 ಕುಟುಂಬಗಳು ತಂಡ ಕಟ್ಟಿಕೊಂಡು ಬಂದವು. ಒಂದೊಂದು ಮನೆತನ ತನ್ನ ಖರ್ಚಿನಲ್ಲಿ ಮಾಡುವ ಕೆಲಸವನ್ನು ದೇಶದ ಹಾಕಿ ಸಂಸ್ಥೆ ಮಹಿಳೆಯರಿಗೆ ನಾಲ್ಕು ತಂಡಕ್ಕಿಂತ ಹೆಚ್ಚು ಮಾಡಲಾರದು! ನಮ್ಮ ರಾಜ್ಯದ ಹಾಕಿ ದೊರೆಗಳಿಗೂ ಇದನ್ನು ಕೇಳಿ ನಾಚಿಕೆಯಾಗುವುದಿಲ್ಲ, ಅವರಿಗೆ ಸನ್ಮಾನದ ಶಾಲು ಹೊದೆಯುವುದರಲ್ಲೇ ಕಾಲ ಸಾಲದು.

ಒಡಿಶಾ ಸರ್ಕಾರ 2018ರಿಂದ ದುಡ್ಡು ಸುರಿಯುತ್ತಿದೆ, ರೂರ್ಕೆಲಾದಲ್ಲಿ ಬಿರ್ಸಾ ಮುಂಡಾ ಕ್ರೀಡಾಂಗಣ ಎದ್ದಿದೆ, ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ಹಾಕಿ ಇಂಡಿಯಾ ಅಧ್ಯಕ್ಷ ದಿಲೀಪ್ ಟಿರ್ಕಿ ಸ್ವತಃ ಮೂರು ಒಲಿಂಪಿಕ್ಸ್ ಆಡಿದವರಲ್ಲವೇ ಎಂದೂ ಕೇಳುತ್ತಾರೆ. ಆಡಿದವರೇ! ಅದಕ್ಕೇ ಅವರಿಗೆ ಕ್ಷಮೆ ಇನ್ನೂ ಕಡಿಮೆ. ವರ್ಷವಿಡೀ ಪಂದ್ಯ ಆಡದೆ ಡಿಫೆಂಡರ್ ತಯಾರಾಗುವುದಿಲ್ಲ ಎಂದು ಟಿರ್ಕಿಯವರಿಗೆ ಬೇರೆಯವರು ಹೇಳಿಕೊಡಬೇಕೆ? ಗ್ಯಾಲರಿ ಕಟ್ಟಿದರೆ ಜನ ಕೂರುತ್ತಾರೆ, ಆಟಗಾರ್ತಿ ಹುಟ್ಟುವುದಿಲ್ಲ.

2026ರ ಸೆಪ್ಟೆಂಬರ್‌ನಲ್ಲಿ ಜಪಾನ್‌ನ ಐಚಿ–ನಗೋಯಾದಲ್ಲಿ ಏಷ್ಯನ್ ಕ್ರೀಡಾಕೂಟ. ಅಲ್ಲಿ ಚಿನ್ನ ಗೆದ್ದವರಿಗೆ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ನೇರ ಪ್ರವೇಶ. ಗೆದ್ದರೆ ವೇದಿಕೆಯ ಫೋಟೊದಲ್ಲಿ ಅಧ್ಯಕ್ಷರು, ಪ್ರಧಾನ ಕಾರ್ಯದರ್ಶಿ, ಪದಾಧಿಕಾರಿಗಳು ಹುಡುಗಿಯರಿಗಿಂತ ಮುಂದೆ ನಿಂತಿರುತ್ತಾರೆ, ಅದರ ಬಗ್ಗೆ ಯಾರಿಗೂ ಅನುಮಾನ ಬೇಡ. ಸೋತರೆ ಮರೈನ್ ಟಿಕೆಟ್ ಈಗಲೇ ಬುಕ್ ಆಗಿದೆ ಎಂದುಕೊಳ್ಳಿ. ನನ್ನದು ಒಂದೇ ಬೇಡಿಕೆ. ಎಂಟು ತಂಡಗಳ, ಕನಿಷ್ಠ ಮೂರು ತಿಂಗಳ ಮಹಿಳಾ ಲೀಗ್ ಯಾವ ದಿನಾಂಕದಿಂದ ಎಂದು ಹಾಕಿ ಇಂಡಿಯಾ ಬರಹದಲ್ಲಿ ಹೇಳಲಿ. ಹೇಳಲಾಗದಿದ್ದರೆ, ಮುಂದಿನ ಸೋಲಿನ ನಂತರ ರಾಜೀನಾಮೆಯ ಹಾಳೆಯನ್ನು ಕೋಚ್ ಮುಂದೆ ಚಾಚುವ ಮೊದಲು ಪದಾಧಿಕಾರಿಗಳೇ ಅದಕ್ಕೆ ಸಹಿ ಹಾಕಲಿ.